ಟಪಾಲ ಮಾಳಪ್ಪನ ದಮ್ಮಿನ ಪರೀಕ್ಷೆ

ಮಾಸೂರಿನ ಟಪಾಲ ಮಾಳಪ್ಪನ ಎದೆಯಲ್ಲಿ ಯಾವ ರೋಗವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಊರಿಗೆ ಊರೇ ಬೇರೆ ಮಾತಾಡುತ್ತದೆ. ಅವನಿಗಿದ್ದದ್ದು ಸೈಕಲ್ಲಿನ ಆಸೆ ಒಂದೇ. ಇಪ್ಪತ್ತೆರಡು ವರ್ಷ ಖಾಕಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿ, ಮಾಸೂರಿಗೂ ಸುತ್ತಲಿನ ಮೂರು ಹಳ್ಳಿಗೂ ಕಾಲ್ನಡಿಗೆಯಲ್ಲೇ ಕಾಗದ ಹಂಚಿದ ಮನುಷ್ಯ. ಒಂದು ಸಲ ಹಾನಗಲ್ಲಿಗೆ ಹೋದಾಗ ಅಲ್ಲಿನ ಪೋಸ್ಟ್‌ಮನ್ ಸರಕಾರಿ ಸೈಕಲ್ಲಿನ ಗಂಟೆ ಬಾರಿಸುತ್ತ ಪೇಟೆಯಲ್ಲಿ ಹಾಯ್ದುಹೋದದ್ದನ್ನು ಕಂಡ. ಅವತ್ತಿನಿಂದ ಅನ್ನ ರುಚಿಸಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ದೀಪಾವಳಿ ಮುಗಿದು ವಾರವಾಗಿತ್ತು. ಹಿರೇಕೆರೂರಿನಿಂದ ಪೋಸ್ಟಲ್ ಇನ್ಸ್‌ಪೆಕ್ಟರ್ ಪರಮೇಶ್ವರಪ್ಪನವರು ತಪಾಸಣೆಗೆ ಬಂದರು. ಬಾಯಿಬಿಟ್ಟು ಸೈಕಲ್ ಕೇಳುವುದು ಮಾಳಪ್ಪನ ಮರ್ಯಾದೆಗೆ ಒಪ್ಪಲಿಲ್ಲ. ನಡೆದು ನಡೆದು ತಾನು ಎಷ್ಟು ಸವೆದಿದ್ದೇನೆ ಎಂದು ಸಾಹೇಬರು ಕಣ್ಣಾರೆ ಕಂಡರೆ ಸೈಕಲ್ ತಾನಾಗಿಯೇ ಬರುತ್ತದೆ ಎಂದು ಲೆಕ್ಕ ಹಾಕಿದ. ಪೋಸ್ಟ್ ಆಫೀಸಿನ ಒಳಗೆ ಬಂದವನೇ ಚೀಲ ಕೆಳಗಿಟ್ಟ, ಗೋಡೆ ಹಿಡಿದ, ಎದೆಯ ಮೇಲೆ ಕೈ ಇಟ್ಟು ಉಸ್ ಉಸ್ ಎಂದು ಏದುಸಿರು ಬಿಟ್ಟ. ಬಿಟ್ಟದ್ದು ಎಷ್ಟು ಚೆನ್ನಾಗಿತ್ತೆಂದರೆ ನಡುವೆ ಅವನಿಗೇ ಒಮ್ಮೆ ಗಾಬರಿಯಾಯಿತು.

ಪರಮೇಶ್ವರಪ್ಪನವರು ಮೆತ್ತನೆ ಮನಸ್ಸಿನ ಮನುಷ್ಯ. ಎದ್ದು ಬಂದು ತಮ್ಮ ಕೈಯಾರೆ ನೀರು ಕುಡಿಸಿದರು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು ಒಂದು ಕಾಗದ ಬರೆದರು. ಅದರಲ್ಲಿ ಸೈಕಲ್ಲಿನ ಸುದ್ದಿ ಇರಲಿಲ್ಲ. ಮಾಳಪ್ಪನ ಎದೆ ಮತ್ತು ಪುಪ್ಪುಸ ಗಟ್ಟಿಯಾಗಿವೆ ಎಂದು ಸರಕಾರಿ ಡಾಕ್ಟರು ಬರೆದುಕೊಡಬೇಕು. ಅಲ್ಲಿಯವರೆಗೆ ಚೀಲ ಮುಟ್ಟುವ ಹಾಗಿಲ್ಲ, ಊರವರೇ ಆಫೀಸಿಗೆ ಬಂದು ತಂತಮ್ಮ ಕಾಗದ ಹುಡುಕಿಕೊಳ್ಳಬೇಕು. ತಿಂಗಳೊಪ್ಪತ್ತಿನಲ್ಲಿ ಡಾಕ್ಟರ ಕಾಗದ ಬಾರದಿದ್ದರೆ ನೌಕರಿಯಿಂದ ಬಿಡುಗಡೆ. ಇಷ್ಟನ್ನೂ ಸಾಹೇಬರು ಸ್ವಂತ ತಮ್ಮನಿಗೆ ಹೇಳುವಂತೆ ಬೆನ್ನು ಸವರಿ ಹೇಳಿದರು. ಇಂಥ ಕರುಣೆಯ ಮುಂದೆ ನಿಜ ಹೇಳುವುದಾದರೂ ಹೇಗೆ?

ವಾರವಿಡೀ ಬೀದಿಗಿಳಿಯದೆ ಮನೆಯಲ್ಲೇ ಕೂತ ಗಂಡನ ಬಾಯಿಂದ ಕೊನೆಗೆ ಸಂಗತಿ ಕೇಳಿ ಹೆಂಡತಿ ಚೌಡವ್ವ ಅಳಲಿಲ್ಲ, ಬೈಯಲಿಲ್ಲ. ತನ್ನ ಅಣ್ಣನಿಗೆ ಹೇಳಿಕಳಿಸಿದಳು. ಮಾಳಪ್ಪನಿಗೆ ಎದೆ ನಿಜವಾಗಿ ಹೊಡೆದುಕೊಂಡದ್ದು ಆಗಲೇ. ಅಣ್ಣ ಮಾರೆಪ್ಪ ಎರಡು ಹರದಾರಿ ಆಚೆಯ ಹಳ್ಳಿಯವನು, ಹನ್ನೊಂದು ಎಮ್ಮೆಗಳ ಧಣಿ. ಕಾಗದ ಹಂಚುವುದೂ ಒಂದು ಕೆಲಸವೇ ಎಂದು ಮದುವೆಯ ಚಪ್ಪರದಲ್ಲೇ ಕೇಳಿದ್ದ. ನೌಕರಿ ಹೋದರೆ ತಂಗಿಯನ್ನೂ ತಂಗಿಯ ಗಂಡನನ್ನೂ ತನ್ನ ಮನೆಗೆ ಕರೆದೊಯ್ದು, ಗಂಡನ ಕೈಗೆ ಬಾರುಕೋಲು ಕೊಟ್ಟು ಎಮ್ಮೆಯ ಹಿಂದೆ ಬಿಡುವುದೆಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಮೂರು ಹಳ್ಳಿಯ ಜನ ದಾರಿ ಕಾಯುವ ಮನುಷ್ಯ ಇನ್ನು ಮೇಲೆ ಹನ್ನೊಂದು ಎಮ್ಮೆಯ ದಾರಿ ಕಾಯಬೇಕು. ಇದನ್ನು ನೆನೆದು ಮಾಳಪ್ಪ ಮಧ್ಯಾಹ್ನದ ರೊಟ್ಟಿ ಅರ್ಧಕ್ಕೇ ಬಿಟ್ಟು ದವಾಖಾನೆಗೆ ಹೊರಟ.

ಊರಿನ ಸರಕಾರಿ ದವಾಖಾನೆಗೆ ಆಗ ಸವಣೂರಿನ ಡಾಕ್ಟರ್ ಮಾಸೂಮಾ ಬಂದು ಆರು ತಿಂಗಳಾಗಿತ್ತು. ಇಪ್ಪತ್ತಾರು ವರ್ಷದ ಹುಡುಗಿ, ಮುಖದಲ್ಲಿ ಮಾತ್ರ ಐವತ್ತು ವರ್ಷದ ಶಿಸ್ತು. ಜನ ಮರ್ಯಾದೆಗೆ ಬಾಯಾರು, ಅಂದರೆ ಅಮ್ಮಾವರು, ಎಂದು ಕರೆದು ನಾಲ್ಕು ಮಾರು ದೂರ ನಿಲ್ಲುತ್ತಿದ್ದರು. ಎದೆ ನೋಡುವ ದೊಡ್ಡ ಯಂತ್ರಗಳೆಲ್ಲ ಹುಬ್ಬಳ್ಳಿಯಲ್ಲಿದ್ದವು. ಬಾಯಾರ ಹತ್ತಿರ ಇದ್ದದ್ದು ಒಂದು ಕೈಗಡಿಯಾರ, ಒಂದು ಅಳತೆಯ ಟೇಪು, ಮತ್ತೆ ಹೊಸದಾಗಿ ಓದಿದ ಒಂದು ಇಂಗ್ಲಿಷ್ ಪುಸ್ತಕ. ಯಂತ್ರವಿಲ್ಲದಿದ್ದರೆ ಚಿಂತೆಯಿಲ್ಲ, ಕಡ್ಡಿಪೆಟ್ಟಿಗೆ, ಗಡಿಯಾರ ಮತ್ತು ರಸ್ತೆ ಇದ್ದರೆ ಮನುಷ್ಯನ ದಮ್ಮು ಅಳೆಯಬಹುದು ಎಂದು ಅದರಲ್ಲಿ ಬರೆದಿತ್ತು. ಅಳೆಯುವುದಕ್ಕೆ ಒಬ್ಬ ಮನುಷ್ಯ ಸಿಗುವುದನ್ನೇ ಬಾಯಾರು ಕಾಯುತ್ತಿದ್ದರು.

ಮೊದಲನೆಯದು ಕಡ್ಡಿಯ ಪರೀಕ್ಷೆ. ಬಾಯಾರು ಒಂದು ಕಡ್ಡಿ ಗೀರಿ ಮಾಳಪ್ಪನ ಬಾಯಿಂದ ಒಂದು ಗೇಣು ಈಚೆ ಹಿಡಿದರು. ತುಟಿ ಕೂಡಿಸದೆ, ಬಾಯಿ ಅಗಲ ತೆರೆದು ಊದಿ ಆರಿಸಬೇಕು. ಎದೆ ಗಟ್ಟಿ ಇದ್ದವನು ಆರಿಸುತ್ತಾನೆ, ಇಲ್ಲದವನು ಆರಿಸುವುದಿಲ್ಲ, ಇಷ್ಟೇ ಶಾಸ್ತ್ರ.

ಮಾಳಪ್ಪ ಸಂಕಟಕ್ಕೆ ಬಿದ್ದ. ಬೆಂಕಿಯನ್ನು ಬಾಯಿಯಿಂದ ಊದಿ ಆರಿಸುವುದು ಅವನ ವಂಶದಲ್ಲೇ ಇಲ್ಲದ ಕೆಲಸ. ಒಲೆ ಹತ್ತಿಸಲು ಊದಬಹುದು, ಆರಿಸಲು ಊದಬಾರದು. ಮನೆಯಲ್ಲಿ ಚೌಡವ್ವ ದೀಪವನ್ನು ಹೂವಿನ ಎಸಳಿನಿಂದ ಶಾಂತ ಮಾಡುತ್ತಿದ್ದಳು. ಅವನೂ ಬೀಡಿ ಹಚ್ಚಿದ ಕಡ್ಡಿಯನ್ನು ಕೈ ಕೊಡವಿ ಆರಿಸುತ್ತಿದ್ದನೇ ಹೊರತು ಎಂದೂ ಎಂಜಲು ಗಾಳಿ ತಾಗಿಸಿದವನಲ್ಲ. ಅದೂ ಅವತ್ತು ಸೋಮವಾರ. ಬೆಂಕಿಗೆ ಅಪಚಾರ ಮಾಡುವಂತಿಲ್ಲ, ಡಾಕ್ಟರಿಗೆ ಇಲ್ಲ ಅನ್ನುವಂತೆಯೂ ಇಲ್ಲ. ಹೀಗಾಗಿ ಎರಡರ ನಡುವಿನ ದಾರಿ ಹಿಡಿದ. ಬಾಯಿ ತೆರೆದ, ಕಣ್ಣು ಅಗಲ ಮಾಡಿದ, ಭುಜ ಮೇಲೆತ್ತಿದ, ಉಸಿರನ್ನು ಮಾತ್ರ ಹೊರಗೆ ಬಿಡಲಿಲ್ಲ. ಮೂರು ಕಡ್ಡಿ ಬಾಯಾರ ಬೆರಳು ಸುಡುವ ತನಕ ಉರಿದವು. ಯಾಕೆ ಊದಲಿಲ್ಲ ಎಂದು ಅವರು ಕೇಳಿದ್ದರೆ ಹೇಳುತ್ತಿದ್ದ. ಅವರು ಕೇಳಲಿಲ್ಲ, ಸರಕಾರಿ ನೌಕರ ಕೇಳದ್ದಕ್ಕೆ ಉತ್ತರ ಕೊಡುವುದಿಲ್ಲ. ಬಾಯಾರು ವಹಿಯಲ್ಲಿ ಬಹಳ ಹೊತ್ತು ಏನನ್ನೋ ಬರೆದರು.

ಎರಡನೆಯದು ಉಸಿರು ಬಿಗಿಹಿಡಿಯುವುದು. ಇದರಲ್ಲಿ ಧರ್ಮಸಂಕಟ ಏನೂ ಇರಲಿಲ್ಲ. ಮಾಳಪ್ಪ ಎದೆ ತುಂಬ ಗಾಳಿ ಎಳೆದು ಗಟ್ಟಿಯಾಗಿ ಕುಳಿತ. ಅಷ್ಟರಲ್ಲಿ ಮೊಳಕಾಲು ನೋವಿಗೆ ಎಣ್ಣೆ ಕೇಳಲು ಬಂದ ಬಳೆಗಾರ್ತಿ ಇಮಾಮಬಿ ಬಾಗಿಲಲ್ಲಿ ಅವನನ್ನು ಕಂಡಳು. ಅವಳ ಮಗಳು ಶಿಗ್ಗಾಂವಿಯಲ್ಲಿ ಬಸುರಿ. ಕಾಗದ ಬಂತೇನಪ್ಪ ಎಂದು ಕೇಳಿದಳು. ಕಾಗದ ಬಂತೇ ಎಂದು ಒಬ್ಬ ತಾಯಿ ಕೇಳಿದಾಗ ಸುಮ್ಮನೆ ಕೂತ ಟಪಾಲಿನವನು ಇದ್ದಾನೆಯೇ? ಇನ್ನೂ ಬಂದಿಲ್ಲಕ್ಕ, ಗುರುವಾರದ ಚೀಲ ನೋಡೋಣ ಅಂದುಬಿಟ್ಟ. ಬಾಯಾರು ಗಡಿಯಾರ ನೋಡಿ ಒಂಬತ್ತು ಸೆಕೆಂಡು ಎಂದು ಬರೆದುಕೊಂಡರು.

ಮೂರನೆಯದು ದೊಡ್ಡ ಪರೀಕ್ಷೆ, ಹನ್ನೆರಡು ನಿಮಿಷದ ನಡಿಗೆ. ದವಾಖಾನೆಯಿಂದ ಚಾವಡಿಗೆ, ಚಾವಡಿಯಿಂದ ಮತ್ತೆ ದವಾಖಾನೆಗೆ, ಹನ್ನೆರಡು ನಿಮಿಷ ಎಷ್ಟಾಗುತ್ತದೆಯೋ ಅಷ್ಟು ನಡೆಯಬೇಕು. ಮಾಳಪ್ಪನಿಗೆ ನಗು ಬಂತು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನಿಗೆ ಇದೊಂದು ಪರೀಕ್ಷೆಯೇ?

ಆದರೆ ಆ ಬೀದಿಯಲ್ಲಿ ಅವನು ಕಾಲಿಟ್ಟು ಒಂದು ವಾರವಾಗಿತ್ತು. ಮೊದಲ ಮನೆಯಲ್ಲಿ ಯಾಕ ಬಂದಿಲ್ಲೋ ಎಂದು ಕೇಳಿದರು, ಎರಡನೇ ಮನೆಯಲ್ಲಿ ನೀರು ಕೊಟ್ಟರು, ಮೂರನೇ ಮನೆಯ ಅಜ್ಜ ಆಫೀಸಿನಿಂದ ತಂದಿಟ್ಟುಕೊಂಡ ಕಾಗದವನ್ನು ಓದಿ ಹೇಳು ಎಂದು ಕೈಹಿಡಿದು ಕೂರಿಸಿದ. ಕಾಗದ ಎರಡು ಮಗ್ಗುಲು ತುಂಬಿತ್ತು. ಮಾಳಪ್ಪನ ಕಾಲಿಗೂ ಒಂದು ರೂಢಿ. ಬಾಗಿಲು ಕಂಡಲ್ಲಿ ಅದು ನಿಲ್ಲುತ್ತದೆ, ಮನಸ್ಸಿನ ಅಪ್ಪಣೆ ಕೇಳುವುದಿಲ್ಲ. ಹನ್ನೆರಡು ನಿಮಿಷ ಮುಗಿದಾಗ ಅವನು ಚಾವಡಿಯನ್ನೇ ಮುಟ್ಟಿರಲಿಲ್ಲ. ಬಾಯಾರು ಟೇಪು ಹಿಡಿದು ಅಳೆದರು, ಇನ್ನೂರ ಹನ್ನೆರಡು ಮೀಟರು. ಪುಸ್ತಕ ತೆಗೆದು ನೋಡಿದರು. ಇಷ್ಟು ಕಡಿಮೆ ನಡೆದ ರೋಗಿ ಆ ಪುಸ್ತಕದಲ್ಲಿ ಒಬ್ಬನೂ ಇರಲಿಲ್ಲ.

ದವಾಖಾನೆಯ ಸುದ್ದಿ ಔಷಧಕ್ಕಿಂತ ಬೇಗ ಊರಲ್ಲಿ ಹಂಚಿಹೋಗುತ್ತದೆ. ಸಂಜೆಯ ಹೊತ್ತಿಗೆ ಮಾಳಪ್ಪನ ಎದೆಯಲ್ಲಿ ಗಾಳಿಯೇ ಇಲ್ಲವಂತೆ, ಕಡ್ಡಿ ಆರಿಸುವಷ್ಟೂ ಇಲ್ಲವಂತೆ ಎಂದಾಯಿತು. ಮರುದಿನ ನೋಡಲು ಬಂದ ಜನ ಕಟ್ಟೆಯಲ್ಲಿ ಹಿಡಿಸಲಿಲ್ಲ. ಬ್ರೆಡ್ಡು ಬಂತು, ಎಳನೀರು ಬಂತು. ಮಾಳಪ್ಪ ಎದ್ದು ನಿಂತರೆ ನಾಲ್ಕು ಜನ ಹಿಡಿದು ಕೂರಿಸಿದರು. ಅವನು ಕೂತಲ್ಲಿಂದಲೇ ನನಗೇನೂ ಆಗಿಲ್ಲ ಎಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗಾಲಕ್ಕೆ ಎಲ್ಲರೂ ಹೀಗೇ ಅನ್ನುವುದಂತೆ. ಮೂರನೇ ದಿನ ಮಾರೆಪ್ಪ ಎತ್ತಿನ ಗಾಡಿ ಕಟ್ಟಿಕೊಂಡು, ಗಾಡಿಯಲ್ಲಿ ಹುಲ್ಲು ಹಾಸಿಕೊಂಡು ಬಂದೇಬಿಟ್ಟ. ಚೌಡವ್ವ ಪಾತ್ರೆ ಕಟ್ಟತೊಡಗಿದಳು.

ಮಾಳಪ್ಪ ಓಡಿದ. ಓಡಿದ್ದನ್ನು ಯಾರಾದರೂ ಅಳೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಾರ ಮುಂದೆ ಕೈಮುಗಿದು, ಸಾಹೇಬರ ಮುಂದೆ ಏದುಸಿರು ಬಿಟ್ಟದ್ದು ಸೋಗು, ಸೈಕಲ್ಲಿಗಾಗಿ ಮಾಡಿದ್ದು ಎಂದು ಪೂರ್ತಿ ಒಪ್ಪಿಕೊಂಡ. ಬಾಯಾರು ಶಾಂತವಾಗಿ ಕೇಳಿಸಿಕೊಂಡರು. ಎದೆಬೇನೆಯವರು ಬೇನೆ ಮುಚ್ಚಿಡುತ್ತಾರೆಂದು ಪುಸ್ತಕದಲ್ಲಿತ್ತು, ಇಷ್ಟು ಚಂದ ಕಥೆ ಕಟ್ಟುತ್ತಾರೆಂದು ಇರಲಿಲ್ಲ.

"ನನ್ನ ಎದಿ ಹೋದ್ರ ಹೋಗಲ್ರಿ ಬಾಯಾರ," ಎಂದ ಮಾಳಪ್ಪ. "ಆ ಚೀಲ ಹೋತಂದ್ರ ನಾ ಯಾರು ಅಂತ ನನಗ ಗೊತ್ತಾಗೂದಿಲ್ಲ. ಇನ್ನೊಮ್ಮೆ ನಡಸ್ರಿ."

ಬಾಯಾರು ಅವನ ಮುಖವನ್ನೊಮ್ಮೆ ನೋಡಿ ಆಗಲಿ ಅಂದರು. ನಾಳೆ ಮುಂಜಾನೆ, ಅದೇ ಬೀದಿಯಲ್ಲಿ.

ಈ ಸಲ ಇಮಾಮಬಿ ಸುಮ್ಮನಿರಲಿಲ್ಲ. ತನ್ನ ಒಂದು ಪ್ರಶ್ನೆಯಿಂದಲೇ ಅವನ ಉಸಿರು ಒಂಬತ್ತು ಸೆಕೆಂಡಿಗೆ ಬಿದ್ದಿತೆಂದು ಅವಳಿಗೆ ಗೊತ್ತಾಗಿತ್ತು. ಬುಟ್ಟಿ ಮನೆಯಲ್ಲಿಟ್ಟು ಬಾಗಿಲು ಬಾಗಿಲಿಗೆ ಹೋದಳು. ನಾಳೆ ಮಾಳಪ್ಪ ಹಾಯ್ದು ಹೋಗುವಾಗ ಒಂದು ನರಪಿಳ್ಳೆಯೂ ಅವನನ್ನು ಮಾತಾಡಿಸಬಾರದು ಎಂದು ಎಲ್ಲರ ಕೈಯಲ್ಲಿ ಆಣೆ ಹಾಕಿಸಿದಳು. ಊರು ಒಂದು ಮಾತಿಗೆ ಒಪ್ಪುವುದು ಅಪರೂಪ, ಒಪ್ಪಿದರೆ ಮಿತಿ ಇರುವುದಿಲ್ಲ. ಮರುದಿನ ಹಿಟ್ಟಿನ ಗಿರಣಿ ನಿಲ್ಲಿಸಿದರು, ಕಮ್ಮಾರ ಸುತ್ತಿಗೆ ಕೆಳಗಿಟ್ಟ, ನಾಯಿಗಳನ್ನು ಹಿತ್ತಲಲ್ಲಿ ಕಟ್ಟಿದರು. ಗಂಡಸರು ಹೆಂಗಸರು ಎಲ್ಲ ಬಾಗಿಲಿಗೆ ಬಂದು, ತುಟಿ ಬಿಗಿದು, ಕೈಕಟ್ಟಿ ನಿಂತರು.

ಮಾಳಪ್ಪ ಹುರುಪಿನಿಂದ ಹೊರಟ. ಎರಡು ಮನೆ ದಾಟಿದ, ನಾಲ್ಕು ಮನೆ ದಾಟಿದ. ಐದನೆಯದಕ್ಕೆ ಅವನ ಹೆಜ್ಜೆ ಸಣ್ಣದಾಯಿತು. ಈ ಬೀದಿ ಹೀಗೆ ನಿಂತದ್ದನ್ನು ಅವನು ಹೆಣ ಹೋಗುವಾಗ ಮಾತ್ರ ಕಂಡಿದ್ದ. ಯಾರ ಮನೆಯಲ್ಲಿ ಹಣ್ಣು ಮುದುಕರಿದ್ದಾರೆ ಎಂದು ಮನಸ್ಸಿನಲ್ಲೇ ಎಣಿಸತೊಡಗಿದ. ಇಮಾಮಬಿಯ ಬಾಗಿಲಿಗೆ ಬಂದಾಗ ತಡೆಯಲಾಗಲಿಲ್ಲ. ಯಾರಕ್ಕ, ಯಾರು ಹೋದರು ಎಂದು ಕೇಳಿದ. ಅವಳು ಆಣೆಗೆ ಕಟ್ಟುಬಿದ್ದವಳು, ತುಟಿಯ ಮೇಲೆ ಬೆರಳಿಟ್ಟು ಮುಂದೆ ನಡೆ ಎಂದು ಸನ್ನೆ ಮಾಡಿದಳು, ಅವಸರಕ್ಕೆ ಕಣ್ಣಲ್ಲಿ ನೀರೇ ಬಂತು. ಬಾಯಿಬಿಟ್ಟು ಹೇಳಲಾಗದಂಥ ಸುದ್ದಿ, ಶಿಗ್ಗಾಂವಿಯ ಮಗಳಿಗೇ ಏನೋ ಆಗಿದೆ ಎಂದು ಮಾಳಪ್ಪ ತಿಳಿದ. ಜಗಲಿ ಹತ್ತಿ ಕೂತು, ಅವಳ ಕೈ ಹಿಡಿದು ಸಮಾಧಾನ ಹೇಳತೊಡಗಿದ. ಬೀದಿಗೆ ಬೀದಿಯೇ ಹಣೆ ಹಣೆ ಚಚ್ಚಿಕೊಂಡಿತು, ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಹನ್ನೆರಡು ನಿಮಿಷ ಆಗಿಹೋಯಿತು.

ಇನ್ನೂರ ನಲವತ್ತು ಮೀಟರು. ಇದನ್ನು ಸುಧಾರಣೆ ಎಂದು ಬರೆಯಬೇಕೋ ಬೇಡವೋ ಎಂದು ಬಾಯಾರು ಪೆನ್ನು ಹಿಡಿದು ಯೋಚಿಸುತ್ತ ಕೂತರು. ಕಣ್ಣಾರೆ ಕಂಡ ಮೇಲೆ ಅವರಿಗೂ ಅರೆಬರೆ ಅನುಮಾನ ಬಂದಿತ್ತು, ಕೆಟ್ಟದ್ದು ಈ ಮನುಷ್ಯನ ಎದೆಯೋ ಅಥವಾ ಈ ಬೀದಿಯೋ. ನಾಳೆ ಕೊನೆಯ ಸಲ, ಮನೆಯೇ ಇಲ್ಲದ ಕಡೆ ನಡೆಸುತ್ತೇನೆ ಅಂದರು. ಅದರಲ್ಲೂ ಹೋದರೆ ತಾವು ಏನೂ ಮಾಡುವಂತಿಲ್ಲ. ಮಾರೆಪ್ಪ ಗಾಡಿ ಬಿಚ್ಚಲೇ ಇಲ್ಲ. ಮಾಳಪ್ಪ ನಡುದಾರಿಯಲ್ಲಿ ಬಿದ್ದರೆ ಅಲ್ಲಿಂದಲೇ ಎತ್ತಿ ಹಾಕಿಕೊಂಡು ಹೋಗುವುದೆಂದು ನಿರ್ಧರಿಸಿದ.

ಮುಂಜಾನೆ ಏಳಕ್ಕೆ ಊರ ಹೊರಗೆ, ಹಿರೇಕೆರೂರಿನ ರಸ್ತೆಗೆ ಬಂದರು. ಎರಡು ಕಡೆ ಗದ್ದೆ, ನಡುವೆ ನೆಟ್ಟಗೆ ರಸ್ತೆ, ಕಣ್ಣು ಹಾಯುವ ತನಕ ಒಂದು ಬಾಗಿಲಿಲ್ಲ. ಬಾಯಾರು ಗಡಿಯಾರ ಹಿಡಿದು, ಒಂದೊಂದೇ ಶಬ್ದ ಒತ್ತಿ ಹೇಳಿದರು.

"ನಾ ನಿಲ್ರಿ ಅನ್ನೂತನಕ ನಿಲ್ಲಬ್ಯಾಡ್ರಿ. ಹಿಂದಿಂದ ಯಾರು ಕರದ್ರೂ ಕಿವಿಗೆ ಹಾಕ್ಕೊಬ್ಯಾಡ್ರಿ, ತಿರುಗಿ ನೋಡಬ್ಯಾಡ್ರಿ. ತಿಳೀತಿಲ್ಲೋ?"

ಮಾಳಪ್ಪನಿಗೆ ಪೂರ್ತಿ ತಿಳಿಯಿತು. ಸರಕಾರದ ಅಪ್ಪಣೆಯನ್ನು ಅವನು ಯಾವತ್ತೂ ಅರ್ಧ ತಿಳಿದವನಲ್ಲ. ಹೊರಟ.

ಬಾಗಿಲಿಲ್ಲದ ದಾರಿಯಲ್ಲಿ ಮಾಳಪ್ಪ ನಡೆಯುವುದನ್ನು ಯಾರೂ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಬಾಯಾರು ಸ್ವಲ್ಪ ದೂರ ಜೊತೆಗೆ ಹೋದರು, ಆಮೇಲೆ ಸ್ವಲ್ಪ ಹಿಂದೆ ಹೋದರು, ಆಮೇಲೆ ಅವನ ಖಾಕಿ ಅಂಗಿ ನೋಡುತ್ತ ಹೋದರು. ಹನ್ನೆರಡನೇ ನಿಮಿಷಕ್ಕೆ ಆ ಅಂಗಿ ಹೆಬ್ಬೆರಳಷ್ಟು ಕಾಣುತ್ತಿತ್ತು. ನಿಲ್ರಿ ಎಂದು ಕೂಗಿದರು. ದೂರದ ಕೂಗು ಮಾಳಪ್ಪನ ಕಿವಿಗೆ ಬಿತ್ತು, ಹೆಣ್ಣು ದನಿ ಎಂಬುದಷ್ಟೇ ತಿಳಿಯಿತು. ಹಿಂದಿನಿಂದ ಯಾರೋ ಕಾಗದ ಕೇಳುತ್ತಿದ್ದಾರೆ, ಬಾಯಾರು ಇದಕ್ಕೇ ಎಚ್ಚರಿಸಿದ್ದು ಎಂದುಕೊಂಡು ಕಾಲು ಚುರುಕು ಮಾಡಿದ. ಬಾಯಾರು ಓಡಿದರು. ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಬಗಲಲ್ಲಿ ನೋವು ಹಿಡಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಹಿಂದಿನಿಂದ ಬಂದ ಮಾರೆಪ್ಪ ರೋಗಿಗೆಂದು ಹಾಸಿದ ಹುಲ್ಲಿನ ಮೇಲೆ ಡಾಕ್ಟರನ್ನು ಕೂರಿಸಿಕೊಂಡು ಎತ್ತು ಹೊಡೆದ.

ಅರ್ಧ ತಾಸಿನಲ್ಲಿ ಗಾಡಿ ಕೂಗಳತೆಗೆ ಬಂತು. ಅಷ್ಟರಲ್ಲಿ ಬಾಯಾರಿಗೆ ಉಸಿರು ಮರಳಿತ್ತು, ಕೂಗಬಹುದಿತ್ತು. ಆದರೆ ಮಾರೆಪ್ಪ ಪಕ್ಕದಲ್ಲೇ ಭವಿಷ್ಯ ಹೇಳುತ್ತ ಕೂತಿದ್ದ. ಚೌಡವ್ವನ ಗಂಡ ಆ ಹುಣಸೆಮರ ದಾಟುವುದಿಲ್ಲ ಅಂದ. ದಾಟಿದ. ಆ ಏರು ಹತ್ತುವುದಿಲ್ಲ ಅಂದ. ಹತ್ತಿದ. ಬಾಯಾರು ಬಾಯಿ ಮುಚ್ಚಿ ವಹಿ ತೆರೆದರು, ಕಿಲೋಮೀಟರಿನ ಕಲ್ಲು ಬಂದಂತೆಲ್ಲ ಗೀಟು ಹಾಕತೊಡಗಿದರು. ನಡುವೆ ಏನೋ ನೆನಪಾಗಿ, ನಿಮ್ಮ ಮನೆಯಲ್ಲಿ ಕಡ್ಡಿಯನ್ನು ಹೇಗೆ ಆರಿಸುತ್ತೀರಿ ಎಂದು ಮಾರೆಪ್ಪನನ್ನು ಕೇಳಿದರು. ಕೈ ಕೊಡವಿ ಎಂದ. ಬಾಯಿಯಿಂದ ಊದುವುದಿಲ್ಲವೇ ಎಂದದ್ದಕ್ಕೆ ಅವನು ಗಾಡಿಯನ್ನೇ ನಿಲ್ಲಿಸಿ, ಮನುಷ್ಯರಾದವರು ಬೆಂಕಿಗೆ ಹಾಗೆ ಮಾಡುತ್ತಾರೆಯೇ ಎಂದು ಕೇಳಿದ. ಬಾಯಾರು ವಹಿಯ ಮೊದಲ ಹಾಳೆಗೆ ಹೋಗಿ ಒಂದು ಸಾಲು ಹೊಡೆದುಹಾಕಿದರು. ಹತ್ತನೇ ಕಲ್ಲಿನ ಹೊತ್ತಿಗೆ ಮಾರೆಪ್ಪ ಭವಿಷ್ಯ ಬಿಟ್ಟಿದ್ದ. ಎದುರು ಬಂದ ಗಾಡಿಗಳನ್ನೆಲ್ಲ ತಡೆದು, ಮುಂದೆ ನಡೆದು ಹೋದವನು ನಮ್ಮ ಮಾಳಪ್ಪ, ನಮ್ಮ ತಂಗಿಯ ಗಂಡ ಎಂದು ಹೇಳುತ್ತಿದ್ದ.

ಹನ್ನೊಂದರ ಸುಮಾರಿಗೆ ಮಾಳಪ್ಪ ಹಿರೇಕೆರೂರು ಹೊಕ್ಕ. ರಸ್ತೆ ಪೇಟೆಗೆ ಮುಗಿಯಿತು, ಅಪ್ಪಣೆ ಮುಗಿಯಲಿಲ್ಲ. ಗೊತ್ತಿದ್ದ ಒಂದೇ ಜಾಗ ಪೋಸ್ಟ್ ಆಫೀಸು, ಅಲ್ಲಿಗೇ ಹೋದ. ಒಳಗೆ ಇನ್ಸ್‌ಪೆಕ್ಟರ್ ಪರಮೇಶ್ವರಪ್ಪನವರು ಮೇಜಿನ ಮುಂದೆ ಕೂತು, ಊರಿನ ಸುದ್ದಿ ಕೇಳಿ ತಿಂಗಳು ತುಂಬುವ ಮೊದಲೇ ಮಾಸೂರಿನ ಜಾಗಕ್ಕೆ ಹೊಸ ಪೋಸ್ಟ್‌ಮನ್ ಬೇಕೆಂದು ಬರೆಯುತ್ತಿದ್ದರು. ಮಾಳಪ್ಪ ನಮಸ್ಕಾರ ಮಾಡಿದ, ನಿಲ್ಲಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಹಾಕಿದ, ಎರಡನೆಯದು ಹಾಕಿದ. ಸಾಹೇಬರ ಕುತ್ತಿಗೆ ಅವನ ಹಿಂದೆ ತಿರುಗಿತು. ಕೂತುಕೋ ತಮ್ಮಾ, ಎದೆ ಒಡೆದೀತು ಅಂದರು.

"ಬಾಯಾರು ನಿಲ್ರಿ ಅನ್ನೂತನಕ ನಿಲ್ಲೂ ಹಂಗಿಲ್ರಿ ಸಾಹೇಬ್ರ," ಎಂದ ಮಾಳಪ್ಪ, ಮೂರನೇ ಸುತ್ತಿನಲ್ಲಿ. "ನೀವು ಕೆಲಸ ಮುಂದುವರಸ್ರಿ."

ಎಲ್ಲಿಂದ ಬಂದೆ ಎಂದರು, ಮಾಸೂರಿನಿಂದ ಎಂದ. ಯಾವುದರಲ್ಲಿ ಬಂದೆ ಎಂದರು, ಕಾಲಲ್ಲಿ ಎಂದ. ಸಾಹೇಬರು ಮರ್ಯಾದೆಗೆಂದು ಎದ್ದು ಜೊತೆಗೆ ಸುತ್ತುತ್ತ ವಿಚಾರಿಸತೊಡಗಿದರು. ಮಾಳಪ್ಪ ಹೋಗುತ್ತ ಹೋಗುತ್ತಲೇ ಮೂರೂ ಹಳ್ಳಿಯಲ್ಲಿ ಯಾರ್ಯಾರ ಕಾಗದ ಬಾಕಿ ಬಿದ್ದಿವೆ, ಯಾರು ಕಾಯುತ್ತಿದ್ದಾರೆ ಎಂದು ಹೆಸರು ಹಿಡಿದು ವರದಿ ಒಪ್ಪಿಸಿದ, ಒಂದು ಮಾತೂ ನಡುವೆ ತುಂಡಾಗಲಿಲ್ಲ. ಆರನೇ ಸುತ್ತಿಗೆ ಸಾಹೇಬರು ಗೋಡೆ ಹಿಡಿದರು.

ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಬಾಯಾರು ಬಾಗಿಲಿಗೆ ಬಂದಾಗ ಕಂಡದ್ದು ಈ ನೋಟ. ಆರು ತಿಂಗಳಲ್ಲಿ ಮೊದಲ ಸಲ ಅವರು ನಕ್ಕರು.

"ನಿಲ್ರಿ ಮಾಳಪ್ಪ," ಅಂದರು. "ಗೆದ್ರಿ."

ಮಾಳಪ್ಪ ನಿಂತ. ಬಾಯಾರು ನಾಡಿ ಹಿಡಿದು ನೋಡಿ, ಸಾಹೇಬರ ಮೇಜಿನ ಮೇಲೆಯೇ ಸರ್ಟಿಫಿಕೇಟು ಬರೆದರು. ಎದೆ, ಪುಪ್ಪುಸ ಎರಡೂ ಗಟ್ಟಿ. ನಡೆದ ಸಮಯ ಹನ್ನೆರಡು ನಿಮಿಷ, ಅದರ ಮೇಲೆ ನಾಲ್ಕು ತಾಸು. ನಡೆದ ದೂರ ಮಾಸೂರಿನಿಂದ ಹಿರೇಕೆರೂರು. ಕೆಳಗೆ ಸಹಿ ಹಾಕಿ, ರೋಗಿ ದಾರಿಯಲ್ಲಿ ಎಲ್ಲೂ ಮಾತಾಡಲು ನಿಲ್ಲಲಿಲ್ಲ ಎಂದೂ ಸೇರಿಸಿದರು.

ಸಾಹೇಬರು ತಾವು ಬರೆಯುತ್ತಿದ್ದ ಕಾಗದ ಹರಿದರು. ಆದರೆ ಕಾಯಿದೆ ಕಾಯಿದೆಯೇ. ಮರಳಿ ನೌಕರಿಗೆ ತೆಗೆದುಕೊಂಡ ಹುಕುಮು ರಜಿಸ್ಟರ್ ಟಪಾಲಿನಲ್ಲೇ ಹೋಗಬೇಕು, ನೌಕರ ಅದನ್ನು ಮನೆಯಲ್ಲಿ ಸಹಿ ಹಾಕಿ ಪಡೆಯಬೇಕು, ಆಮೇಲೆಯೇ ಚೀಲ ಮುಟ್ಟಬೇಕು. ಮಾಸೂರಿನಲ್ಲಿ ಟಪಾಲು ಹಂಚುವವನು ಮಾಳಪ್ಪ ಒಬ್ಬನೇ. ಸಾಹೇಬರು ಬಹಳ ಯೋಚಿಸಿ, ಆ ಒಂದು ಕಾಗದ ಮುಟ್ಟಿಸುವ ಮಟ್ಟಿಗೆ ಮಾತ್ರ ಚೀಲ ಹೊರಬಹುದೆಂದು ಬೇರೊಂದು ಚೀಟಿ ಬರೆದುಕೊಟ್ಟರು.

ಮರುದಿನ ಹತ್ತು ಗಂಟೆಗೆ ಮಾಸೂರಿನ ಬೀದಿಯಲ್ಲಿ ಒಂದೇ ಕಾಗದದ ಚೀಲ ಹೊತ್ತು ಮಾಳಪ್ಪ ಹೊರಟ. ಹಿಂದೆ ಇಮಾಮಬಿ, ಮಾರೆಪ್ಪ, ಅರ್ಧ ಊರು. ತನ್ನ ಮನೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಯಾವ ಮನೆಯ ಮುಂದೆಯೂ ಕೂಗದಷ್ಟು ಗಟ್ಟಿಯಾಗಿ ಕೂಗಿದ.

"ಟಪಾಲ್ರೀ... ಮಾಳಪ್ಪನವರದು ರಜಿಸ್ಟರ್ ಐತ್ರಿ."

ಚೌಡವ್ವ ಹೊರಗೆ ಬಂದಳು, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಮನೆಯವರು ಹೊರಗೆ ಹೋಗಿದ್ದಾರೆ ಅಂದಳು. ಹಾಗಾದರೆ ಬಂದ ಮೇಲೆ ಕೊಡುತ್ತೇನೆ, ಇದು ಬೇರೆಯವರ ಕೈಗೆ ಕೊಡುವ ಕಾಗದವಲ್ಲ ಎಂದು ಮಾಳಪ್ಪ ಹೇಳಿದ. ಚೀಲ ಜಗಲಿಯ ಮೇಲಿಟ್ಟ, ಚಪ್ಪಲಿ ಬಿಟ್ಟ, ಒಳಗೆ ಹೋಗಿ ಕಾಲು ತೊಳೆದುಕೊಂಡು ಹೊರಗೆ ಬಂದ. ಈಗ ಅವನು ಮನೆಯ ಯಜಮಾನ. ಕಾಗದದ ಮೇಲೆ ತನ್ನ ಹೆಸರು ನೋಡಿದ. ಸಾವಿರಾರು ಜನರ ಹೆಸರು ಓದಿ ಕೂಗಿದ ಮನುಷ್ಯನಿಗೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಒಂದು ಕಾಗದ ಬರೆದಿರಲಿಲ್ಲ. ಸಹಿ ಹಾಕಿದ. ಖುಷಿಗೆ ಅತ್ತುಬಿಟ್ಟ, ಅದನ್ನೇನೂ ಮುಚ್ಚಿಡಲಿಲ್ಲ.

ಮತ್ತೆ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ ಹೊರಟಾಗ ಚೌಡವ್ವ ತಡೆದಳು. ಒಳ್ಳೆ ಸುದ್ದಿ ತಂದ ಟಪಾಲಿನವನನ್ನು ಯಾವ ಮನೆಯವರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳು ಒಳಗಿನಿಂದ ಒಂದು ಹಿಡಿ ಸಕ್ಕರೆ ತಂದು, ಊರೆಲ್ಲ ನೋಡುತ್ತಿರುವಂತೆ ಅವನ ಅಂಗೈಗೆ ಹಾಕಿ ಸೆರಗು ಸರಿಪಡಿಸಿಕೊಂಡು ನಿಂತಳು. ಮಾಳಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡು, ನಿಮ್ಮ ಯಜಮಾನರಿಗೆ ಶುಭವಾಗಲಿ ಎಂದು ಹೇಳಿ, ಸೈಕಲ್ಲಿನ ನೆನಪೂ ಇಲ್ಲದೆ ಆಫೀಸಿನ ಕಡೆ ನಡೆದ. ಹತ್ತು ಹನ್ನೆರಡು ದಿನದಿಂದ ಬಾಕಿ ಬಿದ್ದ ಕಾಗದಗಳು ಅಲ್ಲಿ ಅವನ ದಾರಿ ನೋಡುತ್ತಿದ್ದವು.